ಎಡಪುಟದಲ್ಲಿ ಮಾತು, ಬಲಪುಟದಲ್ಲಿ ನಡೆ: ಬೂಟಾಟಿಕೆಯನ್ನು ಬಯಲಿಗೆಳೆಯುವ ವ್ಯಂಗ್ಯಚಿತ್ರವನ್ನು ಓದುವ ಬಗೆ

ದಿನಪತ್ರಿಕೆಯ ಮೂಲೆಯಲ್ಲಿ ಬರುವ ವ್ಯಂಗ್ಯಚಿತ್ರದ ಮೇಲೆ ಓದುಗರ ಕಣ್ಣು ನಿಲ್ಲುವುದು ಕೆಲವೇ ಕ್ಷಣ. ನಗು ಬಂದರೆ ನಕ್ಕು, ಬಾರದಿದ್ದರೆ ಹಾಗೆಯೇ ಪುಟ ತಿರುಗಿಸುತ್ತೇವೆ. ಆದರೆ ಮಠ, ಮಂದಿರ, ಮಸೀದಿ, ಚರ್ಚುಗಳ ಮುಖಂಡರನ್ನಾಗಲಿ ರಾಜಕೀಯ ನಾಯಕರನ್ನಾಗಲಿ ಕುರಿತ ಚಿತ್ರವನ್ನು ಹೀಗೆ ಅವಸರದಲ್ಲಿ ನೋಡಿದರೆ ಎರಡು ನಷ್ಟಗಳಿವೆ. ಒಳ್ಳೆಯ ಚಿತ್ರ ಹೊರಗೆಡವಿದ ಸತ್ಯ ನಮಗೆ ದಕ್ಕುವುದಿಲ್ಲ. ಕೆಟ್ಟ ಚಿತ್ರ ನಮ್ಮೊಳಗೆ ಇಳಿಸಿದ ದ್ವೇಷ ನಮಗೆ ಗೊತ್ತಾಗುವುದಿಲ್ಲ. ಇಂಥ ಚಿತ್ರವನ್ನು ನಿಧಾನವಾಗಿ ಬಿಡಿಸಿ ಓದುವುದು ಹೇಗೆ, ಸ್ವತಃ ಬರೆಯಬೇಕೆನ್ನುವವರು ಏನನ್ನು ಗಮನಿಸಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಬೂಟಾಟಿಕೆ ಎಂದರೆ ಏನೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ನಮ್ಮ ಭಾಷೆಯಲ್ಲಿ ಇದಕ್ಕಿರುವ ಹೆಸರುಗಳೇ ಅರ್ಧ ಪಾಠವನ್ನು ಹೇಳಿಕೊಡುತ್ತವೆ. ಬಕಧ್ಯಾನ ಎಂದಾಗ ಒಂಟಿಕಾಲಿನ ಮೇಲೆ ಅಲುಗಾಡದೆ ನಿಂತ ಬಕಪಕ್ಷಿಯೂ ಅದರ ಕೊಕ್ಕಿನ ನೇರಕ್ಕೆ ನೀರಿನಲ್ಲಿ ಸುಳಿಯುವ ಮೀನೂ ಒಟ್ಟಿಗೆ ಕಣ್ಣಿಗೆ ಕಟ್ಟುತ್ತವೆ. ಆಷಾಢಭೂತಿ ಎಂದಾಗ ಪಂಚತಂತ್ರದಲ್ಲಿ ಶಿಷ್ಯನ ವೇಷದಲ್ಲಿ ಬಂದು, ಸನ್ಯಾಸಿಯ ಸೇವೆ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಅವನ ಹಣವನ್ನೇ ಎತ್ತಿಕೊಂಡು ಹೋದವನ ನೆನಪಾಗುತ್ತದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಯಲ್ಲಂತೂ ಒಂದು ವ್ಯಂಗ್ಯಚಿತ್ರಕ್ಕೆ ಬೇಕಾದ ಸಾಮಗ್ರಿಯೆಲ್ಲ ಇದೆ: ಬದನೆಕಾಯಿ ನಿಷಿದ್ಧವೆಂದು ಸಭೆಗೆ ಸಾರಿದ ಬಾಯಿ, ಮನೆಯ ಎಲೆಯ ಮೇಲೆ ಬಡಿಸಿದ ಅದೇ ಬದನೆಕಾಯಿ. ಮೂರರಲ್ಲೂ ಎರಡು ಸಂಗತಿಗಳು ಜೊತೆಯಾಗಿ ನಿಂತಿವೆ. ಒಂದು, ವ್ಯಕ್ತಿ ತಾನಾಗಿಯೇ ಲೋಕಕ್ಕೆ ತೋರಿಸಿದ ಅಳತೆಗೋಲು. ಇನ್ನೊಂದು, ಆ ಅಳತೆಗೋಲಿಗೆ ನಿಲ್ಲದ ಅವನದೇ ನಡೆ.

ಆದ್ದರಿಂದ ಪ್ರತಿಯೊಂದು ತಪ್ಪೂ ಬೂಟಾಟಿಕೆಯಲ್ಲ. ಲಂಚ ತಿಂದವನು ಭ್ರಷ್ಟ. ಲಂಚದ ವಿರುದ್ಧ ಪ್ರಮಾಣ ಮಾಡಿಸಿದ ಕೈಯಿಂದಲೇ ಲಂಚ ಪಡೆದವನು ಬೂಟಾಟಿಕೆಯವನು. ತನ್ನ ಹಳೆಯ ಅಭಿಪ್ರಾಯ ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡು ಬದಲಾದ ನಾಯಕನನ್ನು ಈ ಪಟ್ಟಿಗೆ ಸೇರಿಸುವುದು ಅನ್ಯಾಯ. ತಾನು ಹೇಳಿದ ಆದರ್ಶಕ್ಕೆ ತಾನೇ ಮುಟ್ಟಲಾಗಲಿಲ್ಲವೆಂದು ಒಪ್ಪಿಕೊಳ್ಳುವ ಧರ್ಮಗುರುವಿನದು ದೌರ್ಬಲ್ಯವೇ ಹೊರತು ಸೋಗಲ್ಲ. ಈ ವ್ಯತ್ಯಾಸವನ್ನು ಬಿಟ್ಟುಕೊಟ್ಟ ಚಿತ್ರ ಎಷ್ಟೇ ಚೆನ್ನಾಗಿ ನಗಿಸಿದರೂ ನನ್ನ ಪಾಲಿಗೆ ಅದು ಬರಿಯ ಬೈಗುಳ.

ಹೀಗಾಗಿ ಓದಿನ ಮೊದಲ ಹೆಜ್ಜೆ, ಚಿತ್ರದಲ್ಲಿ ಅಳತೆಗೋಲು ಎಲ್ಲಿದೆ ಎಂದು ಹುಡುಕುವುದು. ಅದು ಭಾಷಣದ ಸಾಲಾಗಿರಬಹುದು, ಬ್ಯಾನರಿನ ಬರಹವಾಗಿರಬಹುದು, ಖಾದಿ ಟೋಪಿ, ಕಾವಿ ಬಟ್ಟೆ, ಜಪಮಾಲೆ, ಶಿಲುಬೆಗಳಲ್ಲಿ ಯಾವುದಾದರೂ ಆಗಿರಬಹುದು. ಇದನ್ನು ಕಲಿಯಲು ಐನೂರು ವರ್ಷ ಹಿಂದಿನ ಒಂದು ಪುಟ್ಟ ಪುಸ್ತಕಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. 1521ರ ಜನವರಿಯಲ್ಲಿ ಪೋಪ್ ಹತ್ತನೆಯ ಲಿಯೋ, ಚರ್ಚಿನ ನಡೆಗಳನ್ನು ಪ್ರಶ್ನಿಸಿದ ಧರ್ಮಸುಧಾರಕ ಮಾರ್ಟಿನ್ ಲೂಥರನನ್ನು ಚರ್ಚಿನಿಂದ ಬಹಿಷ್ಕರಿಸಿದರು. ಅದೇ ವರ್ಷ ಜರ್ಮನಿಯ ವಿಟ್ಟೆನ್‌ಬರ್ಗ್ ಊರಿನಲ್ಲಿ ಲೂಕಾಸ್ ಕ್ರಾನಾಖ್ ಎಂಬ ಕಲಾವಿದನ ಕಾರ್ಯಾಗಾರದಿಂದ ಇಪ್ಪತ್ತಾರು ಮರದಚ್ಚಿನ ಚಿತ್ರಗಳು ಹದಿಮೂರು ಜೋಡಿಗಳಾಗಿ ಪುಸ್ತಕರೂಪದಲ್ಲಿ ಹೊರಬಂದವು. ಪುಸ್ತಕ ತೆರೆದರೆ ಎಡಪುಟದಲ್ಲಿ ಕ್ರಿಸ್ತ, ಬಲಪುಟದಲ್ಲಿ ಪೋಪ್. ಎಡಗಡೆ ಕ್ರಿಸ್ತ ಮಂಡಿಯೂರಿ ಶಿಷ್ಯರ ಪಾದ ತೊಳೆಯುತ್ತಿದ್ದಾನೆ. ಬಲಗಡೆ ಪೋಪ್ ಸಿಂಹಾಸನದಲ್ಲಿ ಕುಳಿತು, ಮುತ್ತಿಡಲೆಂದು ತನ್ನ ಪಾದವನ್ನು ದೊರೆಗಳತ್ತ ಚಾಚಿದ್ದಾನೆ. ಎಡಗಡೆ ಕ್ರಿಸ್ತನ ತಲೆಯ ಮೇಲೆ ಮುಳ್ಳಿನ ಕಿರೀಟ, ಬಲಗಡೆ ಪೋಪನ ತಲೆಗೆ ಮೂರಂತಸ್ತಿನ ಕಿರೀಟ. ಎಡಗಡೆ ಕ್ರಿಸ್ತ ದೇವಾಲಯದಿಂದ ಹಣದ ವ್ಯಾಪಾರಿಗಳನ್ನು ಚಾಟಿ ಬೀಸಿ ಓಡಿಸುತ್ತಿದ್ದಾನೆ, ಬಲಗಡೆ ಪಾಪಪರಿಹಾರದ ಪತ್ರಗಳ ಮಾರಾಟ ನಡೆದಿದೆ.

ಓದು ಬಾರದ ರೈತನಿಗೂ ಈ ಜೋಡಿ ಅರ್ಥವಾಗುತ್ತಿತ್ತು ಎಂಬುದು ಅದರ ಒಂದು ಬಲ. ಇನ್ನೊಂದು ಬಲ ಇರುವುದು ಚಿತ್ರಗಳ ಕೆಳಗಿನ ಅಡಿಬರಹದಲ್ಲಿ. ಕ್ರಿಸ್ತನ ಚಿತ್ರದ ಕೆಳಗೆ ಬೈಬಲಿನ ವಾಕ್ಯಗಳಿದ್ದರೆ, ಪೋಪನ ಚಿತ್ರದ ಕೆಳಗೆ ಹೆಚ್ಚಾಗಿ ಚರ್ಚಿನದೇ ಕಾನೂನುಗ್ರಂಥಗಳಿಂದ ಎತ್ತಿಕೊಂಡ ಮಾತುಗಳಿವೆ. ಎದುರಾಳಿಯ ಬಾಯಿಗೆ ಕಲಾವಿದ ತಾನು ಕಲ್ಪಿಸಿದ ಮಾತನ್ನು ತುರುಕಲಿಲ್ಲ. ಪೋಪ್ ಯಾರ ಪ್ರತಿನಿಧಿಯೆಂದು ಹೇಳಿಕೊಂಡರೋ ಆ ಕ್ರಿಸ್ತನನ್ನೇ ಪಕ್ಕದಲ್ಲಿ ತಂದು ನಿಲ್ಲಿಸಿದ. ಇಂದಿನ ಯಾವುದೇ ವ್ಯಂಗ್ಯಚಿತ್ರವನ್ನು ಕೈಗೆತ್ತಿಕೊಂಡಾಗಲೂ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇಲ್ಲಿ ನಾಯಕನನ್ನು ಅಳೆಯುತ್ತಿರುವುದು ಅವನದೇ ಕೋಲಿನಿಂದಲೋ, ಕಲಾವಿದನ ಕೋಲಿನಿಂದಲೋ?

ಎರಡನೆಯ ಹೆಜ್ಜೆ, ಅಳತೆಗೋಲನ್ನೂ ನಡೆಯನ್ನೂ ಒಂದೇ ಚೌಕಟ್ಟಿನಲ್ಲಿ ಹೊಲಿದಿರುವ ವಸ್ತುವನ್ನು ಗುರುತಿಸುವುದು. ಕ್ರಾನಾಖನಿಗೆ ಎರಡು ಪುಟಗಳ ಅವಕಾಶವಿತ್ತು. ಬಿಡಿಚಿತ್ರ ಬರೆಯುವವನಿಗೆ ಆ ಸೌಕರ್ಯವಿಲ್ಲ. ಕಲ್ಕತ್ತೆಯ ಕಾಳೀಘಾಟ್ ದೇವಾಲಯದ ಆಸುಪಾಸಿನಲ್ಲಿ ಹತ್ತೊಂಬತ್ತನೆಯ ಶತಮಾನದ ಪಟುವಾ ಚಿತ್ರಕಾರರು ಯಾತ್ರಿಕರಿಗೆ ಮಾರುತ್ತಿದ್ದ ಅಗ್ಗದ ಚಿತ್ರಗಳಲ್ಲಿ ಒಂದು ಬೆಕ್ಕಿನ ಚಿತ್ರ ಮತ್ತೆ ಮತ್ತೆ ಬರುತ್ತದೆ. ಗಿರಣಿಯ ತೆಳುಕಾಗದದ ಮೇಲೆ ದಪ್ಪನೆಯ ಕುಂಚದ ಗೆರೆಗಳು. ಹಿನ್ನೆಲೆ ಪೂರ್ತಿ ಖಾಲಿ. ಬೆಕ್ಕಿನ ಹಣೆಯ ಮೇಲೆ ವೈಷ್ಣವರ ತಿಲಕವಿದೆ, ಬಾಯಲ್ಲಿ ದೊಡ್ಡದೊಂದು ಸಿಗಡಿ ಇದೆ. ಅಡಿಬರಹದ ಅಗತ್ಯವೇ ಇಲ್ಲ. ತಿಲಕ ಮಾಂಸಾಹಾರವನ್ನು ಬಿಟ್ಟವನ ಗುರುತು, ಸಿಗಡಿ ಆ ಗುರುತನ್ನು ಮುರಿಯುವ ಸಾಕ್ಷ್ಯ. ಎರಡರ ನಡುವಿನ ಅಂತರ ಮೂಗಿನ ಉದ್ದದಷ್ಟು. ತಿಲಕವನ್ನು ಬೆರಳಿನಿಂದ ಮುಚ್ಚಿ ನೋಡಿದರೆ ಅದು ಆಹಾರ ಹಿಡಿದ ಸಾಧಾರಣ ಬೆಕ್ಕು, ಅದರದೇನೂ ತಪ್ಪಿಲ್ಲ. ಸಿಗಡಿಯನ್ನು ಮುಚ್ಚಿದರೆ ಒಬ್ಬ ಸಾಧು ಬೆಕ್ಕು. ಚಿತ್ರದ ಒಂದೊಂದೇ ವಸ್ತುವನ್ನು ಹೀಗೆ ಬೆರಳಿನಿಂದ ಮುಚ್ಚಿ ನೋಡುವುದು ನಾನು ಬಲ್ಲ ಅತ್ಯುತ್ತಮ ಅಭ್ಯಾಸ. ಯಾವುದನ್ನು ಮುಚ್ಚಿದಾಗ ಚಿತ್ರದ ಅರ್ಥ ಕುಸಿಯುತ್ತದೆಯೋ ಅದೇ ಚಿತ್ರದ ಕೀಲು. ಯಾವುದನ್ನು ಮುಚ್ಚಿದರೂ ಅರ್ಥ ಬದಲಾಗದಿದ್ದರೆ ಕಲಾವಿದ ಬರಿಯ ಮುಖವಿಕಾರವನ್ನಷ್ಟೇ ಬರೆದಿದ್ದಾನೆ ಎಂದು ತಿಳಿಯಬಹುದು.

ಅದೇ ಕಾಳೀಘಾಟಿನ ಚಿತ್ರಕಾರರಿಂದ ಮೂರನೆಯ ಪ್ರಶ್ನೆಯನ್ನೂ ಕಲಿಯಬೇಕು, ಈ ಬಾರಿ ಅವರ ಸೋಲಿನಿಂದ. ಬಂಗಾಳದ ತಾರಕೇಶ್ವರದ ಶಿವಾಲಯದ ಮಹಂತನಾಗಿದ್ದ ಮಾಧವಚಂದ್ರ ಗಿರಿಗೆ ಎಲೋಕೇಶಿ ಎಂಬ ಹದಿನಾರರ ಎಳೆಯ ವಿವಾಹಿತೆಯೊಂದಿಗೆ ಸಂಬಂಧವಿತ್ತೆಂಬ ಸುದ್ದಿ ಹಬ್ಬಿತು. 1873ರ ಮೇ ತಿಂಗಳಲ್ಲಿ ಅವಳ ಗಂಡ ನಬೀನ್ ಮೀನು ಹೆಚ್ಚುವ ಈಳಿಗೆಯಿಂದ ಅವಳ ಕತ್ತು ಕತ್ತರಿಸಿದ. ನ್ಯಾಯಾಲಯ ಮಹಂತನಿಗೆ ಮೂರು ವರ್ಷದ ಕಠಿಣ ಸಜೆಯನ್ನೂ 2000 ರೂಪಾಯಿ ದಂಡವನ್ನೂ ವಿಧಿಸಿತು. ಪಟುವಾಗಳು ಇಡೀ ಪ್ರಕರಣವನ್ನು ಸರಣಿಯಾಗಿ ಬರೆದರು. ಸೆರೆಮನೆಯಲ್ಲಿ ಎಣ್ಣೆಗಾಣ ತಿರುಗಿಸುತ್ತಿರುವ ಮಹಂತನ ಚಿತ್ರ ಅವುಗಳಲ್ಲಿ ಪ್ರಸಿದ್ಧವಾದದ್ದು. ನಿನ್ನೆಯವರೆಗೆ ಭಕ್ತರು ಕಾಲಿಗೆ ಬೀಳುತ್ತಿದ್ದ ದೇಹ ಎತ್ತಿನ ಜಾಗದಲ್ಲಿ ನಿಂತಿರುವುದನ್ನು ಕಂಡಾಗ ಪೀಠದ ಠೀವಿ ಅಲ್ಲೇ ಕಳಚಿಬೀಳುತ್ತದೆ. ಆದರೆ ಸರಣಿಯ ಬೇರೆ ಚಿತ್ರಗಳಲ್ಲಿ ಎಲೋಕೇಶಿ ಸಿಂಗರಿಸಿಕೊಂಡು ಮೋಹಗೊಳಿಸುವ ಹೆಣ್ಣಾಗಿ ಕಾಣಿಸುತ್ತಾಳೆ. ಕೊಲೆಗೆ ಬಲಿಯಾದವಳೇ ನೋಡುವವರ ಕುತೂಹಲದ ಸರಕಾದಳು. 1875ರಲ್ಲಿ ಕೊಲೆಗಾರ ಗಂಡನಿಗೆ ಕ್ಷಮಾದಾನವೂ ಸಿಕ್ಕಿತು. ಹಾಗಾಗಿ ಬಲಿಷ್ಠನ ಮುಖವಾಡ ಕಳಚುವ ಚಿತ್ರ ಕಂಡಾಗಲೆಲ್ಲ ಆ ಚೌಕಟ್ಟಿನಲ್ಲಿ ದುರ್ಬಲರು ಯಾರಿದ್ದಾರೆ, ಪೆಟ್ಟು ಅವರ ಮೇಲೂ ಬೀಳುತ್ತಿದೆಯೇ ಎಂದು ನೋಡಲೇಬೇಕು. ಈ ಒಂದು ಪ್ರಶ್ನೆಯನ್ನು ಕೇಳದ ಓದು ಅರೆಬೆಂದ ಓದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬರೆಯುವವರಿಗಾಗಿ ಒಂದು ಕಲ್ಪಿತ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸರ್ಕಾರಿ ಕನ್ನಡ ಶಾಲೆಗಳನ್ನು ಉಳಿಸಬೇಕು, ಪೋಷಕರು ಮಕ್ಕಳನ್ನು ಅಲ್ಲಿಗೇ ಸೇರಿಸಬೇಕು ಎಂದು ಊರೂರಿನಲ್ಲಿ ಭಾಷಣ ಮಾಡುವ ಒಬ್ಬ ಸಚಿವ, ತನ್ನ ಮನೆಯ ಮಕ್ಕಳನ್ನು ದುಬಾರಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಕಳುಹಿಸುತ್ತಾನೆ ಎಂದಿಟ್ಟುಕೊಳ್ಳಿ. ಮೊದಲ ಕರಡಿನಲ್ಲಿ ಹೆಚ್ಚಿನವರು ಸಚಿವನಿಗೆ ದೊಡ್ಡ ಹೊಟ್ಟೆ, ಬಾಯಿಯಿಂದ ಹೊರಚಾಚಿದ ಎರಡು ನಾಲಿಗೆಗಳನ್ನು ಬರೆದು, ಪಕ್ಕದಲ್ಲಿ ಸುಳ್ಳುಗಾರ ಎಂದು ಬರೆಯುತ್ತಾರೆ. ಈ ಚಿತ್ರ ಅವನನ್ನು ನಿಂದಿಸಿತೇ ವಿನಾ ಏನನ್ನೂ ರುಜುವಾತು ಮಾಡಲಿಲ್ಲ. ಎರಡನೆಯ ಕರಡಿನಲ್ಲಿ ಹೊಟ್ಟೆಯನ್ನೂ ನಾಲಿಗೆಯನ್ನೂ ಅಳಿಸಿ, ಸಚಿವ ಸರ್ಕಾರಿ ಶಾಲೆಯ ಹೊಸ ಕೊಠಡಿಯ ಬಾಗಿಲಲ್ಲಿ ಟೇಪು ಕತ್ತರಿಸುತ್ತಿರುವುದನ್ನು ಬರೆಯಿರಿ. ಹಿಂದೆ ನಿಂತ ಕಾರಿನ ಗಾಜು ಅರ್ಧ ಇಳಿದಿದೆ. ಒಳಗೆ ಟೈ ಕಟ್ಟಿದ ಮೊಮ್ಮಗ ಬೇರೊಂದು ಶಾಲೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾನೆ. ಚಾಲಕ ಹೊತ್ತಾಯಿತೆಂದು ಗಡಿಯಾರ ನೋಡುತ್ತಿದ್ದಾನೆ. ಈಗ ಚಿತ್ರದ ಕೀಲು ಆ ಟೈ. ಇಷ್ಟಕ್ಕೇ ನಿಲ್ಲದೆ ಮೂರನೆಯ ಕರಡಿನಲ್ಲಿ ಮಗುವಿನ ಮುಖವನ್ನು ಮತ್ತೆ ನೋಡಬೇಕು. ಹುಡುಗನನ್ನು ಕೊಬ್ಬಿದವನಂತೆ, ಪೆದ್ದನಂತೆ ಬರೆದಿದ್ದರೆ ತಪ್ಪು ಮಾಡದವನಿಗೆ ಪೆಟ್ಟು ಬಿದ್ದಿತು. ಎಷ್ಟೋ ಬಾರಿ ಮುಖವನ್ನೇ ಬರೆಯದೆ ಟೈ, ಚೀಲ, ಹೊಳೆಯುವ ಬೂಟುಗಳನ್ನಷ್ಟೇ ತೋರಿಸಿದರೆ ಸಾಕಾಗುತ್ತದೆ. ಧರ್ಮದ ವಿಷಯದಲ್ಲೂ ಇದೇ ಕ್ರಮ. ಎಲ್ಲರೂ ಸಮಾನರು ಎಂಬ ಬ್ಯಾನರಿನ ಕೆಳಗೆ ಪ್ರವಚನ ನಡೆಯುತ್ತಿದ್ದು, ಊಟದ ಮನೆಗೆ ಎರಡು ಬಾಗಿಲುಗಳಿದ್ದು, ಎರಡು ಸಾಲುಗಳ ಜನ ಬೇರೆಬೇರೆ ಬಾಗಿಲಿಗೆ ನಡೆಯುತ್ತಿದ್ದರೆ ಪಂಕ್ತಿಭೇದದ ಬಗ್ಗೆ ಒಂದಕ್ಷರವನ್ನೂ ಬರೆಯಬೇಕಾಗಿಲ್ಲ.

ಚಿತ್ರದಲ್ಲಿ ಸಾಕ್ಷಿಯಾಗಿ ನಿಂತವರು ಯಾರು ಎಂಬುದೂ ಮುಖ್ಯ. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಹಾಸ್ಯಸಾಹಿತಿ ರಾಶಿಯವರ ಕೊರವಂಜಿ ಹಾಸ್ಯಪತ್ರಿಕೆಗೆ ಚಿತ್ರ ಬರೆದ ಆರ್. ಕೆ. ಲಕ್ಷ್ಮಣ್, 1951ರಿಂದ ಟೈಮ್ಸ್ ಆಫ್ ಇಂಡಿಯಾದ ಕಿರುಚಿತ್ರಗಳಲ್ಲಿ ಚೌಕಳಿ ಕೋಟು, ಧೋತರ, ಕನ್ನಡಕದ ಶ್ರೀಸಾಮಾನ್ಯನನ್ನು ನಿಲ್ಲಿಸಿದರು. ಮಂತ್ರಿಗಳು, ಅಧಿಕಾರಿಗಳು, ಉದ್ಯಮಿಗಳು ಏನೇನೋ ಮಾತಾಡುತ್ತಾರೆ; ಅವನು ಮಾತಾಡುವುದಿಲ್ಲ. ಅವನು ಬಾಯಿ ತೆರೆದು ಖಂಡಿಸಿದ್ದರೆ ಓದುಗ ಅವನ ಮಾತನ್ನು ಒಪ್ಪುವ ಅಥವಾ ಅಲ್ಲಗಳೆಯುವ ಕೆಲಸಕ್ಕೆ ತೊಡಗುತ್ತಿದ್ದ. ಅವನ ಮೌನದಿಂದಾಗಿ ತೀರ್ಪು ಕೊಡುವ ಹೊಣೆ ಓದುಗನ ಮೇಲೆಯೇ ಬೀಳುತ್ತದೆ. ಯಾವುದೇ ಚಿತ್ರದಲ್ಲಿ ಇಂಥ ಒಬ್ಬ ನೋಡುಗನನ್ನು, ಅವನು ಜವಾನನಿರಲಿ, ಕಾವಲುಗಾರನಿರಲಿ, ಬಾಗಿಲ ಸಂದಿಯ ಮಗುವಿರಲಿ, ಹುಡುಕಿ ಅವನ ಕಣ್ಣು ಎತ್ತ ನೋಡುತ್ತಿದೆ ಎಂಬುದನ್ನು ಹಿಂಬಾಲಿಸಿ. ಬಹುಪಾಲು ಆ ದೃಷ್ಟಿಯ ತುದಿಯಲ್ಲೇ ಕೀಲು ಸಿಗುತ್ತದೆ.

ಸಾಕ್ಷಿಯೂ ಇಲ್ಲದ, ಭಂಗಿಯೊಂದರಿಂದಲೇ ಕೆಲಸ ಮಾಡುವ ಚಿತ್ರಗಳಿವೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1975ರ ಡಿಸೆಂಬರಿನಲ್ಲಿ, ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಅಬು ಅಬ್ರಹಾಂ ಬರೆದ ಚಿತ್ರದಲ್ಲಿ ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲಿ ಕುಳಿತೇ ಸುಗ್ರೀವಾಜ್ಞೆಗೆ ಸಹಿ ಹಾಕಿ ಬಾಗಿಲಾಚೆಯ ಕೈಗೆ ಕೊಡುತ್ತಿದ್ದಾರೆ, ಇನ್ನೂ ಇದ್ದರೆ ಸ್ವಲ್ಪ ಕಾಯಲು ಹೇಳಿ ಎನ್ನುತ್ತಿದ್ದಾರೆ. ಸಂವಿಧಾನವನ್ನು ಕಾಪಾಡುವೆನೆಂದು ಪ್ರಮಾಣ ಮಾಡಿದ ಪದವಿಯ ಗಾಂಭೀರ್ಯ ಒಂದು ಕಡೆ, ಮೈ ಒರೆಸಿಕೊಳ್ಳುವಷ್ಟು ಹೊತ್ತೂ ಯೋಚಿಸದ ಸಹಿ ಇನ್ನೊಂದು ಕಡೆ. ಇಲ್ಲಿ ಅಳತೆಗೋಲನ್ನು ಬರೆದೇ ಇಲ್ಲ. ಅದು ಓದುಗನ ತಲೆಯಲ್ಲಿ ಮೊದಲೇ ಇದೆ. ರಾಷ್ಟ್ರಪತಿಯ ಪ್ರಮಾಣವಚನ ಗೊತ್ತಿಲ್ಲದವನಿಗೆ ಅದು ಸ್ನಾನದ ಮನೆಯ ಹಾಸ್ಯವಾಗಿ ಮಾತ್ರ ಉಳಿಯುತ್ತದೆ.

ಇನ್ನು ಎಲ್ಲಕ್ಕಿಂತ ಎಚ್ಚರಿಕೆ ಬೇಡುವ ಹಂತ. ಚಿತ್ರ ಹೊಡೆಯುತ್ತಿರುವುದು ಬೂಟಾಟಿಕೆಯ ವ್ಯಕ್ತಿಯನ್ನೋ, ಅವನು ಸೇರಿದ ಇಡೀ ಸಮುದಾಯವನ್ನೋ? ಅಮೆರಿಕದ ಥಾಮಸ್ ನ್ಯಾಸ್ಟ್ ಒಂದೇ ವರ್ಷದಲ್ಲಿ, ಹಾರ್ಪರ್ಸ್ ವೀಕ್ಲಿ ಎಂಬ ಒಂದೇ ಪತ್ರಿಕೆಯಲ್ಲಿ, ಈ ಎರಡನ್ನೂ ಮಾಡಿದ. ನ್ಯೂಯಾರ್ಕ್ ನಗರದ ಬೊಕ್ಕಸವನ್ನು ರಾಜಕೀಯ ಮುಖಂಡ ವಿಲಿಯಂ ಟ್ವೀಡ್ ಮತ್ತು ಟ್ಯಾಮನಿ ಹಾಲ್ ಎಂಬ ಅವನ ರಾಜಕೀಯ ಕೂಟ ಲೂಟಿ ಮಾಡುತ್ತಿದ್ದಾಗ, 1871ರ ಆಗಸ್ಟ್ 19ರ ಸಂಚಿಕೆಯಲ್ಲಿ ನ್ಯಾಸ್ಟ್ ಅವರೆಲ್ಲರನ್ನೂ ಒಂದು ವೃತ್ತದಲ್ಲಿ ನಿಲ್ಲಿಸಿದ. ಜನರ ಹಣವನ್ನು ಕದ್ದವರು ಯಾರು ಎಂಬ ಪ್ರಶ್ನೆಗೆ ಪ್ರತಿಯೊಬ್ಬನೂ ಪಕ್ಕದವನತ್ತ ಬೆರಳು ತೋರಿಸುತ್ತಿದ್ದಾನೆ. ಬೆರಳಿನ ದಿಕ್ಕನ್ನು ಹಿಂಬಾಲಿಸುತ್ತ ಹೋದರೆ ಹೊರಟಲ್ಲಿಗೇ ಬರುತ್ತೀರಿ. ಜನಸೇವಕರೆಂದು ಹೇಳಿಕೊಂಡವರ ಹೊಣೆಗೇಡಿತನವನ್ನು ಒಂದು ವೃತ್ತ ಹಿಡಿದುಕೊಟ್ಟಿತು. ಟ್ವೀಡ್ ಮುಂದೆ ಸೆರೆಯಿಂದ ತಪ್ಪಿಸಿಕೊಂಡು ಸ್ಪೇನಿಗೆ ಓಡಿಹೋದಾಗ, 1876ರಲ್ಲಿ ಅಲ್ಲಿನ ಅಧಿಕಾರಿಗಳು ಅವನನ್ನು ಗುರುತಿಸಿದ್ದು ನ್ಯಾಸ್ಟನದೇ ಒಂದು ಚಿತ್ರದ ನೆರವಿನಿಂದ.

ಆ ವೃತ್ತದ ಚಿತ್ರ ಬಂದ ಆರು ವಾರಗಳಿಗೆ, ಸೆಪ್ಟೆಂಬರ್ 30ರಂದು, ಅದೇ ಕುಂಚದಿಂದ ಇನ್ನೊಂದು ಚಿತ್ರ ಬಂತು. ಕ್ಯಾಥೊಲಿಕ್ ಬಿಷಪ್ಪರು ಮೊಸಳೆಗಳಾಗಿ ನದಿಯಿಂದ ದಡಕ್ಕೆ ತೆವಳುತ್ತಿದ್ದಾರೆ, ಅವರ ತಲೆಯ ಕಿರೀಟಗಳೇ ಹಲ್ಲು ತುಂಬಿದ ದವಡೆಗಳಾಗಿವೆ. ದಡದಲ್ಲಿ ಹೆದರಿ ಮುದುಡಿದ ಶಾಲಾಮಕ್ಕಳಿದ್ದಾರೆ. ಶಾಲೆಗಳಿಗೆ ಸರ್ಕಾರದ ಹಣ ಹಂಚುವ ಕುರಿತ ಒಂದು ನಿಜವಾದ ವಾದ ಇದರ ಹಿಂದಿತ್ತು. ಆದರೆ ಯಾವ ಬಿಷಪ್ ಏನು ಹೇಳಿ ಏನು ಮಾಡಿದ ಎಂಬುದು ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಎಡಪುಟವೂ ಇಲ್ಲ, ಬಲಪುಟವೂ ಇಲ್ಲ, ಮತವೊಂದೇ ಅಪರಾಧ. ಆ ಚಿತ್ರಕ್ಕೆ ನ್ಯಾಸ್ಟ್ ಕೊಟ್ಟ ಹೆಸರಿನಲ್ಲಿ ಗಂಗಾನದಿಯೂ ಬರುತ್ತದೆ ಎಂಬುದನ್ನು ನಾವು ವಿಶೇಷವಾಗಿ ಗಮನಿಸಬೇಕು. ಭಾರತದ ತಾಯಂದಿರು ಮಕ್ಕಳನ್ನು ಗಂಗೆಯ ಮೊಸಳೆಗಳಿಗೆ ಎಸೆಯುತ್ತಾರೆಂದು ಪಾದ್ರಿಗಳು ಹಬ್ಬಿಸಿದ ಕಥೆಯ ನೆರಳು ಅದರ ಮೇಲಿದೆ. ಒಂದು ಸಮುದಾಯವನ್ನು ಹೀಗಳೆಯಲು ಇನ್ನೊಂದು ಸಮುದಾಯದ ಮೇಲಿನ ತಿರಸ್ಕಾರವನ್ನು ಕಡ ತಂದಂತಾಯಿತು. ಟ್ವೀಡನ ಚಿತ್ರವನ್ನು ಮೆಚ್ಚಿದ ನಾವು ಈ ಚಿತ್ರವನ್ನು ಒಪ್ಪಬೇಕಾಗಿಲ್ಲ. ಪರೀಕ್ಷೆ ಸರಳವಾಗಿದೆ: ಚಿತ್ರದಲ್ಲಿರುವ ನಾಯಕನ ಹೆಸರನ್ನೂ ಅವನ ನಿರ್ದಿಷ್ಟ ನಡೆಯನ್ನೂ ತೆಗೆದುಹಾಕಿ, ಉಳಿದದ್ದನ್ನು ನೋಡಿ. ಉಳಿದದ್ದು ಗಡ್ಡ, ಟೋಪಿ, ಜುಟ್ಟು, ಕಾವಿ, ಶಿಲುಬೆ, ಮೂಗಿನ ಆಕಾರ ಇವಿಷ್ಟೇ ಆಗಿದ್ದು, ಅವುಗಳಿಂದಲೇ ನಗು ಹುಟ್ಟುತ್ತಿದ್ದರೆ, ಅಲ್ಲಿ ಬಯಲಾಗುತ್ತಿರುವುದು ನಾಯಕನ ಬೂಟಾಟಿಕೆಯಲ್ಲ.

ಕೊನೆಯದಾಗಿ ಸತ್ಯಶೋಧನೆ. ಇಂದು ಮೊಬೈಲಿಗೆ ಬರುವ ಎಷ್ಟೋ ಚಿತ್ರಗಳಲ್ಲಿ ಕಲಾವಿದನ ಸಹಿಯನ್ನು ಕತ್ತರಿಸಿ, ಅಡಿಬರಹವನ್ನು ಬದಲಿಸಿರುತ್ತಾರೆ. ಸಹಿ, ಪತ್ರಿಕೆ, ತಾರೀಖು ಮೂರೂ ಇಲ್ಲದ ಚಿತ್ರವನ್ನು ಹಂಚಬಾರದು. ನಾನು ಬಹುಕಾಲ ವ್ಯಂಗ್ಯಚಿತ್ರಗಳನ್ನು ಕತ್ತರಿಸಿ ಅಂಟಿಸಿಟ್ಟುಕೊಂಡಿದ್ದೇನೆ. ಮೊದಲ ವರ್ಷಗಳಲ್ಲಿ ತಾರೀಖು ಬರೆಯದೆ ಅಂಟಿಸಿದ ಹಾಳೆಗಳು ಈಗ ಯಾವ ಮಾತಿಗೆ ಯಾವ ನಡೆ ಎಂದು ತಿಳಿಯದೆ ಮೂಕವಾಗಿ ಬಿದ್ದಿವೆ. ಚಿತ್ರಕಾರನ ಹಿನ್ನೆಲೆಯನ್ನೂ ವಿಚಾರಿಸುವುದು ಒಳ್ಳೆಯದು. ಪೋಪನನ್ನು ಅಷ್ಟು ಕಟುವಾಗಿ ಚಿತ್ರಿಸಿದ ಕ್ರಾನಾಖನೇ ನಾಲ್ಕೈದು ವರ್ಷಗಳಲ್ಲಿ ಕಾರ್ಡಿನಲ್ ಆಲ್ಬ್ರೆಖ್ಟ್‌ನನ್ನು ಸಂತ ಜೆರೋಮನ ರೂಪದಲ್ಲಿ ಚಿತ್ರಿಸಿಕೊಟ್ಟ. ಪಾಪಪರಿಹಾರ ಪತ್ರಗಳ ಯಾವ ಮಾರಾಟ 1517ರಲ್ಲಿ ಲೂಥರನನ್ನು ಕೆರಳಿಸಿತೋ ಅದಕ್ಕೆ ಸಂಬಂಧಪಟ್ಟ ಆರ್ಚ್‌ಬಿಷಪ್ ಇದೇ ಆಲ್ಬ್ರೆಖ್ಟ್. ಇದರಿಂದ 1521ರ ಜೋಡಿಚಿತ್ರಗಳು ಸುಳ್ಳಾಗುವುದಿಲ್ಲ, ಆದರೆ ಬರೆದವನನ್ನು ಕುರಿತ ಒಂದು ಬಲಪುಟವೂ ನಮ್ಮಲ್ಲಿರಬೇಕಾಗುತ್ತದೆ.

ಸ್ವತಃ ಬರೆಯಲು ಹೊರಟವರು ಕ್ರಾನಾಖನ ಪುಸ್ತಕದ ಹಾಗೆಯೇ ಒಂದು ನೋಟ್‌ಬುಕ್ಕನ್ನು ಇಟ್ಟುಕೊಳ್ಳಿ. ಎಡಪುಟದಲ್ಲಿ ನಾಯಕನ ಮಾತನ್ನು ಅವನು ಆಡಿದ ಪದಗಳಲ್ಲೇ, ಊರು ಮತ್ತು ತಾರೀಖಿನ ಸಮೇತ ಬರೆಯಿರಿ. ಬಲಪುಟದಲ್ಲಿ ಅವನ ನಡೆಯನ್ನು, ಅದಕ್ಕಿರುವ ಆಧಾರದ ಸಮೇತ ಬರೆಯಿರಿ. ನೀವು ಮತ ಹಾಕುವ ಪಕ್ಷದ ನಾಯಕರಿಗೂ ನೀವು ನಡೆದುಕೊಳ್ಳುವ ಮಠ ಮಂದಿರದ ಗುರುಗಳಿಗೂ ಅದರಲ್ಲಿ ಪುಟಗಳಿರಲಿ. ಬಲಪುಟ ಖಾಲಿ ಇದ್ದರೆ ಪೆನ್ಸಿಲನ್ನು ಕೆಳಗಿಟ್ಟು ಕಾಯಿರಿ. ಎರಡೂ ಪುಟ ತುಂಬಿದ ದಿನ, ಅವೆರಡನ್ನೂ ಹೊಲಿಯಬಲ್ಲ ಒಂದು ಟೈ, ಒಂದು ಬಾಗಿಲು, ಒಂದು ಸಿಗಡಿಯನ್ನು ಹುಡುಕಲು ಆರಂಭಿಸಿ.